ಮೋಟರ್ ಮನೆ ಗೋಡೆ ಹತ್ತಿದ ಪಟ್ಟೆ ಹಾವು: ಕಟ್ಟುಹಾವಾ, ತೋಳದ ಹಾವಾ, ಇಲ್ಲ ಬೇರೆಯಾ?

ಊರ್ಡಿಗೆರೆ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ದೇವರಾಯನದುರ್ಗದ ತಪ್ಪಲಲ್ಲಿದೆ. ನಿನ್ನೆ ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕೋಕೆ ಹೋಗಿದ್ದೆ. ಮೋಟರ್ ಮನೆ ಗೋಡೆ ಮೇಲೆ ಸಣ್ಣ ಹಾವೊಂದು ನೇರವಾಗಿ ಮೇಲಕ್ಕೆ ಹತ್ತುತ್ತಿತ್ತು. ಒಂದೂವರೆ ಅಡಿ ಇರಬಹುದು. ಕಿರುಬೆರಳಿಗಿಂತ ಸಣ್ಣ. ಮೈ ಕಪ್ಪು ಅನ್ನುವಷ್ಟು ಗಾಢ ಕಂದು, ಅಡ್ಡಡ್ಡ ಬಿಳಿ ಪಟ್ಟೆ. ಕುತ್ತಿಗೆ ಹತ್ತಿರದ ಪಟ್ಟೆಗಳು ಅಗಲ, ಬಾಲದ ಕಡೆ ಹೋದಂತೆ ಸಣ್ಣ. ಪಟ್ಟೆಗಳು ಪಕ್ಕೆಗೆ ಬರುವ ಹೊತ್ತಿಗೆ ಅಗಲವಾಗುತ್ತಿದ್ದವು. ಹೊಟ್ಟೆ ಪೂರ್ತಿ ಬಿಳಿ.

ಬಲ್ಬ್ ಹತ್ತಿರ ಹಲ್ಲಿಗಳು ಕೂತಿದ್ದವು, ಅದು ಅವುಗಳ ಕಡೆಗೇ ಹೋಗುತ್ತಿತ್ತು. ಪಕ್ಕದ ತೋಟದ ಅಣ್ಣ ದೊಣ್ಣೆ ತಂದರು, ಕಟ್ಟುಹಾವು ಬಿಡಬೇಡ ಅಂದರು. ನಾನು ತಡೆದೆ. ಅಷ್ಟರಲ್ಲಿ ಅದು ಹೆಂಚಿನ ಸಂದಿಗೆ ಹೋಯಿತು. ಮೂರು ಫೋಟೋ ಹಾಕಿದ್ದೇನೆ. ಏನಿದು ಹೇಳಿ. ದಿನಾ ರಾತ್ರಿ ಅಲ್ಲಿಗೆ ಹೋಗಬೇಕಾದವನು ನಾನು.

ತಿಪಟೂರು ತೆಂಗು

ಅಣ್ಣ, ಕಪ್ಪು ಮೈ ಬಿಳಿ ಪಟ್ಟೆ ಅಂದ್ರೆ ಕಟ್ಟುಹಾವೇ. ನಮ್ಮ ಕಡೆ ಕಳೆದ ಮಳೆಗಾಲದಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಇಂಥದ್ದೇ ಬಂದಿತ್ತು. ಹುಷಾರು.

ಹಾವು ರಕ್ಷಣೆ ತುಮಕೂರು

ಫೋಟೋ ನೋಡಿದೆ. ಕಟ್ಟುಹಾವಲ್ಲ. ಯಾಕೆ ಅಂತ ಹೇಳುತ್ತೇನೆ, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಕಟ್ಟುಹಾವಿನ ಬಿಳಿ ಗೆರೆಗಳು ಕುತ್ತಿಗೆಯಲ್ಲಿ ಇರುವುದಿಲ್ಲ, ಇದ್ದರೂ ಮಸುಕು. ಸ್ವಲ್ಪ ದೂರ ಬಿಟ್ಟು ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ತೆಳು ಗೆರೆಗಳು, ಬಹಳಷ್ಟು ಸಲ ಎರಡೆರಡು ಜೋಡಿಯಾಗಿ. ನಿಮ್ಮ ಹಾವಿನಲ್ಲಿ ಇದು ಪೂರ್ತಿ ಉಲ್ಟಾ. ಮುಂದೆ ಅಗಲ, ಹಿಂದೆ ಸಣ್ಣ.

ಎರಡನೇ ಗುರುತು ಬೆನ್ನಿನ ನಟ್ಟನಡುವಿನ ಸಾಲು. ಕಟ್ಟುಹಾವಿಗೆ ಅಲ್ಲಿ ದೊಡ್ಡ ದೊಡ್ಡ ಆರು ಮೂಲೆಯ ಹುರುಪೆಗಳ ಸಾಲು ಇರುತ್ತದೆ, ಅಕ್ಕಪಕ್ಕದ ಹುರುಪೆಗಳಿಗಿಂತ ಎದ್ದು ಕಾಣುತ್ತದೆ. ನಿಮ್ಮ ಎರಡನೇ ಫೋಟೋದಲ್ಲಿ ನಡುವಿನ ಸಾಲು, ಪಕ್ಕದ ಸಾಲು ಎಲ್ಲ ಒಂದೇ ಅಳತೆ. ನಯವಾದ ಹುರುಪೆ, ದೊಡ್ಡ ಸಾಲು ಇಲ್ಲ.

ಬಣ್ಣವೊಂದನ್ನೇ ನಂಬಬೇಡಿ. ಪಟ್ಟೆಯೇ ಇಲ್ಲದ ಕಟ್ಟುಹಾವುಗಳೂ ಇವೆ. ಬಣ್ಣ ನೋಡಿ ವಿಷ ಇಲ್ಲ ಅಂತ ಕೈ ಹಾಕಿದವರ ಕಥೆ ನಮಗೆ ಬೇಕಾದಷ್ಟು ಗೊತ್ತು.

ವಾರ್ಡ್ ಅಕ್ಕ

ಹಾವಿನ ಹೆಸರು ನೀವೆಲ್ಲ ಮಾತಾಡಿ, ನಾನು ಆಸ್ಪತ್ರೆ ಕಡೆಯಿಂದ ಒಂದು ಮಾತು ಹೇಳಿಬಿಡುತ್ತೇನೆ.

ಕಟ್ಟುಹಾವು ಕಚ್ಚಿದರೆ ಊತ ಬರುವುದಿಲ್ಲ, ನೋವು ಕಡಿಮೆ, ಗಾಯ ಕಾಣದೇ ಇರಬಹುದು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲಿ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತೋಕೆ ಆಗ್ತಿಲ್ಲ, ಮಾತು ತೊದಲುತ್ತೆ ಅಂತ ಬರುತ್ತಾರೆ. ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುತ್ತಾ ನೋಡುವ ಪರೀಕ್ಷೆ ಕೊಳಕುಮಂಡಲಕ್ಕೆ ಸರಿ. ಕಟ್ಟುಹಾವು ಕಚ್ಚಿದವರಲ್ಲಿ ರಕ್ತ ಸಲೀಸಾಗಿ ಹೆಪ್ಪುಗಟ್ಟುತ್ತದೆ. ಅದನ್ನು ನೋಡಿ ಏನೂ ಆಗಿಲ್ಲ ಅಂದುಕೊಳ್ಳಬಾರದು. ರೆಪ್ಪೆ ನೋಡಬೇಕು, ಉಸಿರು ನೋಡಬೇಕು.

ಹಾವನ್ನು ಕೊಂದು ಕವರಿನಲ್ಲಿ ತರುವುದು ಬೇಡವೇ ಬೇಡ. ನಮ್ಮಲ್ಲಿ ಸಿಗುವ ವಿಷಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ಮಾಡಿದ್ದು. ಹೆಸರು ಗೊತ್ತಿಲ್ಲದಿದ್ದರೂ ವೈದ್ಯರು ಲಕ್ಷಣ ನೋಡಿ ಕೊಡುತ್ತಾರೆ. ಬ್ಲೇಡಿನಲ್ಲಿ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಕೈಕಾಲು ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ನಾಟಿ ಔಷಧಿ ಅಂತ ಊರಲ್ಲೇ ಕೂರಬೇಡಿ, ಬನ್ನಿ.

ತೋಟದವರೇ, ರಾತ್ರಿ ಬೂಟು, ಟಾರ್ಚು ಇಲ್ಲದೆ ಮೋಟರ್ ಮನೆಗೆ ಹೋಗಬೇಡಿ. ಅದು ಯಾವ ಹಾವೇ ಆಗಿರಲಿ.

ಬೆಟ್ಟ ಸುತ್ತೋನು

ಎಲ್ಲರೂ ಮುಖ್ಯವಾದ ವಿಷಯ ಬಿಟ್ಟುಬಿಟ್ರಿ! ದೇವರಾಯನದುರ್ಗ ಅಂದರೆ ಸುಮ್ನೆ ಅಲ್ಲ. 2020ರಲ್ಲಿ ಹೊಸ ತೋಳದ ಹಾವಿನ ಪ್ರಭೇದ ವಿವರಿಸಿದ್ದು ಇದೇ ಬೆಟ್ಟದಿಂದ. ಲೈಕೊಡಾನ್ ಡೆಕ್ಕನೆನ್ಸಿಸ್. ಲೈಕೊಡಾನ್ ಅಂದರೆ ವಿಷವಿಲ್ಲದ ತೋಳದ ಹಾವುಗಳ ಕುಲ, ಹತ್ತಿರದ ಪ್ರಭೇದಗಳ ಗುಂಪು. ಗಣೇಶ್, ಪುನೀತ್, ಮಲ್ಲಿಕ್, ವೋಗೆಲ್ ಎಲ್ಲ ಸೇರಿ ಬರೆದಿದ್ದು. ಇವರ ತೋಟ ಆ ಬೆಟ್ಟದ ಬುಡದಲ್ಲೇ ಇದೆ. ಪಟ್ಟೆ ಇದೆ, ಗೋಡೆ ಹತ್ತಿದೆ, ಸಣ್ಣದಿದೆ. ಇನ್ನೇನು ಬೇಕು? ನನ್ನ ಪ್ರಕಾರ ಅದೇ.

ಮಧುಗಿರಿ ಮೇಷ್ಟ್ರು

ನಮ್ಮ ಜಿಲ್ಲೆಯ ಬೆಟ್ಟದ ಹೆಸರು ವಿಜ್ಞಾನದ ದಾಖಲೆಯಲ್ಲಿ ಇದೆ ಅನ್ನೋದು ನನಗೂ ಹೆಮ್ಮೆ. ನಾನು ತರಗತಿಯಲ್ಲಿ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ಊರು ನೋಡಿ ಹಾವಿನ ಹೆಸರು ಹೇಳಬಾರದು. ಅದೇ ಬೆಟ್ಟದ ಬುಡದಲ್ಲಿ ಮಾಮೂಲಿ ತೋಳದ ಹಾವು ಮನೆಮನೆಯ ಬಚ್ಚಲಲ್ಲಿ ಇರುತ್ತದೆ. ಅದೂ ಗೋಡೆ ಹತ್ತುತ್ತದೆ, ಅದೂ ಹಲ್ಲಿ ತಿನ್ನುತ್ತದೆ. ಈ ಗುಂಪಿನಲ್ಲಿ ಪಟ್ಟೆ ಇರುವವು ಹಲವು. ಕುತ್ತಿಗೆಗೆ ಹಳದಿ ಪಟ್ಟಿ ಇರುವ ಲೈಕೊಡಾನ್ ಫ್ಲಾವಿಕಾಲಿಸ್ ಅನ್ನು 2007ರಲ್ಲಿ ಕೊಯಮತ್ತೂರು ಹತ್ತಿರದ ಆನೈಕಟ್ಟಿ ಬೆಟ್ಟದಿಂದ ವಿವರಿಸಿದರು. ಇಂಥ ಹತ್ತಿರದ ಪ್ರಭೇದಗಳನ್ನು ಬೇರೆ ಮಾಡಲು ತಲೆ ಮೇಲಿನ ಫಲಕಗಳಲ್ಲಿ, ಅಂದರೆ ಅಲ್ಲಿನ ಅಗಲ ಹುರುಪೆಗಳಲ್ಲಿ, ಯಾವುದು ಯಾವುದಕ್ಕೆ ತಾಗುತ್ತದೆ ಅಂತ ನೋಡಬೇಕಾಗುತ್ತದೆ. ಹೊಟ್ಟೆಯ ಹುರುಪೆಗಳನ್ನೂ ಎಣಿಸಬೇಕಾಗುತ್ತದೆ. ಮೊಬೈಲ್ ಫೋಟೋದಲ್ಲಿ ಪಟ್ಟೆ ನೋಡಿ ಆಗುವ ಕೆಲಸ ಅಲ್ಲ.

ಹಾಗಂತ ಫೋಟೋದಿಂದ ಏನೂ ಆಗಲ್ಲ ಅಂತಲ್ಲ. ಒಂದು ಎಣಿಕೆ ಮಾಡಬಹುದು. ಹಾವಿನ ಮೈಯ ನಡುಭಾಗದಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹುರುಪೆ ಎಷ್ಟು ಸಾಲು ಇವೆ ಅಂತ. ಫೋಟೋದಲ್ಲಿ ಒಂದೇ ಬದಿ ಕಾಣುತ್ತದೆ, ಅಷ್ಟು ಸಾಕು. ಹೊಟ್ಟೆಯ ಅಗಲ ಹುರುಪೆ ಬಿಟ್ಟು ಅದರ ಮೇಲಿನ ಮೊದಲ ಸಾಲಿನಿಂದ ಓರೆಯಾಗಿ ಬೆನ್ನಿನವರೆಗೆ ಎಣಿಸಿ. ಬೆನ್ನಿನ ನಡುಸಾಲು ಸೇರಿಸಬೇಡಿ. ಎಂಟು ಬಂದರೆ ಆ ಬದಿಯೂ ಎಂಟು, ನಡುವೆ ಒಂದು, ಒಟ್ಟು 17. ನಮ್ಮ ಕಡೆಯ ತೋಳದ ಹಾವುಗಳಿಗೆಲ್ಲ 17. ಕಟ್ಟುಹಾವಿಗೆ ಸಾಮಾನ್ಯವಾಗಿ 15. ಏಳಕ್ಕೂ ಕಡಿಮೆ ಬಂದರೆ ಹೇಳಿ, ಆಗ ಮಾತು ಬೇರೆ.

ಊರ್ಡಿಗೆರೆ ತೋಟ

ಮೇಷ್ಟ್ರೇ, ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ಎಣಿಸಿದೆ. ಎಂಟಂತೂ ಇಲ್ಲ. ಆರು ಅನಿಸುತ್ತೆ, ಕೆಳಗಿನ ಸಾಲು ಗೋಡೆಯ ನೆರಳಲ್ಲಿ ಮಸುಕಾಗಿದೆ. ಏಳೂ ಇರಬಹುದು.

ಮುಳಬಾಗಿಲು ಬಂಡೆ

ಆರು ಅಂದ್ರಾ? ಹಾಗಾದರೆ 13. ಹಾಗಾದರೆ ಇದು ನನಗೆ ಗೊತ್ತಿರುವ ಹಾವು. ನಿಮ್ಮ ವಿವರ ಓದಿದಾಗಲೇ ಅನುಮಾನ ಬಂದಿತ್ತು, ಪಟ್ಟೆ ಪಕ್ಕೆಯಲ್ಲಿ ಅಗಲವಾಗುತ್ತೆ ಅಂದಿರಲ್ಲ, ಅದಕ್ಕೆ.

ಇಂಗ್ಲಿಷಿನಲ್ಲಿ ಬ್ರೈಡಲ್ ಸ್ನೇಕ್ ಅನ್ನುತ್ತಾರೆ, ವೆಲ್ಲೂರಿನ ಹೆಸರು ಸೇರಿಸಿ. ವೆಲ್ಲೂರು ನಮ್ಮ ಮುಳಬಾಗಿಲಿಗೆ ದೂರ ಅಲ್ಲ, ಘಾಟಿ ಇಳಿದರೆ ಅದೇ ಸೀಮೆ. ಅದೇ ಬಂಡೆ, ಅದೇ ಕುರುಚಲು ಕಾಡು. ರಾತ್ರಿ ಓಡಾಡುತ್ತೆ, ಮರ, ಗೋಡೆ, ಬಂಡೆ ಸಂದಿ ಹತ್ತುತ್ತೆ, ಹಲ್ಲಿ ತಿನ್ನುತ್ತೆ. ವಿಷ ಇಲ್ಲ. ಕಾಣಸಿಗುವುದು ಅಪರೂಪ, ಯಾಕೆಂದರೆ ಹಗಲು ಸಂದಿ ಬಿಟ್ಟು ಹೊರಗೆ ಬರಲ್ಲ.

ಆದರೆ ನನ್ನದೊಂದು ಪ್ರಶ್ನೆ ಇದೆ, ಬಲ್ಲವರು ಹೇಳಿ. ನನ್ನ ಹತ್ತಿರದ ಹಳೇ ಕೈಪಿಡಿಯಲ್ಲಿ ಇದನ್ನು ಡ್ರಯೋಕ್ಯಾಲಮಸ್ ನಿಂಫಾ ಅಂತ ಬೇರೆಯೇ ಕುಲದಲ್ಲಿ ಇಟ್ಟಿದ್ದಾರೆ. ಈಗ ಆಪ್‌ನಲ್ಲಿ ಹುಡುಕಿದರೆ ಲೈಕೊಡಾನ್ ನಿಂಫಾ ಅಂತ ಬರುತ್ತೆ. ಎರಡೂ ಒಂದೇ ಹಾವಾ?

ಹುರುಪೆ ಲೆಕ್ಕ

ಎರಡೂ ಒಂದೇ ಹಾವು. ಕುಲ ಬದಲಾಗಿದೆ. ನಾನು ಎಂಎಸ್‌ಸಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ, ಇದೇ ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಪ್ಯಾಟ್ರಿಕ್ ರಸೆಲ್ ಅನ್ನುವ ವೈದ್ಯ ನಮ್ಮ ದಕ್ಷಿಣದ ಹಾವುಗಳ ಚಿತ್ರ ಬರೆಸಿ 1796ರಲ್ಲಿ ಪ್ರಕಟಿಸಿದ. ಕೊಳಕುಮಂಡಲದ ಇಂಗ್ಲಿಷ್ ಹೆಸರಲ್ಲಿ ಇರುವ ರಸೆಲ್ ಅವನೇ. ಆಗ ಹಾವುಗಳಿಗೆ ಅವನು ಸ್ಥಳೀಯರು ಕರೆಯುವ ಹೆಸರನ್ನೇ ಇಟ್ಟಿದ್ದ. ಆ ಚಿತ್ರಗಳನ್ನು ನೋಡಿ ಯುರೋಪಿನವರು ಲ್ಯಾಟಿನ್ ಹೆಸರು ಕೊಟ್ಟರು. ಈ ಹಾವಿಗೆ 1803ರಲ್ಲಿ ಫ್ರಾನ್ಸಿನ ಡೋಡಾಂ ಕೊಟ್ಟ ಹೆಸರು ಕೊಲುಬರ್ ನಿಂಫಾ. ಆ ಕಾಲಕ್ಕೆ ವಿಷವಿಲ್ಲದ ಹಾವೆಲ್ಲ ಹೆಚ್ಚುಕಮ್ಮಿ ಕೊಲುಬರ್.

1858ರಲ್ಲಿ ಲಂಡನ್ನಿನ ಗುಂಥರ್ ಡ್ರಯೋಕ್ಯಾಲಮಸ್ ಅನ್ನುವ ಕುಲ ಮಾಡಿದ. ನಿಂಫಾ ಆಮೇಲೆ ಅಲ್ಲಿಗೆ ಹೋಯಿತು. ಯಾಕೆ ಬೇರೆ ಕುಲ? ಮುಖ್ಯವಾಗಿ ಹಲ್ಲು. ತೋಳದ ಹಾವುಗಳ ಮೇಲ್ದವಡೆಯಲ್ಲಿ ಮುಂದಿನ ಕೆಲವು ಹಲ್ಲು ಉದ್ದ, ಆಮೇಲೆ ಒಂದು ಖಾಲಿ ಜಾಗ, ಮತ್ತೆ ಸಣ್ಣ ಹಲ್ಲು. ಡ್ರಯೋಕ್ಯಾಲಮಸ್‌ನಲ್ಲಿ ಆ ಉದ್ದ ಮುಂಹಲ್ಲು ಇಲ್ಲ. ಜೊತೆಗೆ ಹುರುಪೆ ಸಾಲು ಕಡಿಮೆ, 13 ಅಥವಾ 15. ಮೈ ತೆಳ್ಳಗೆ, ಹೊಟ್ಟೆ ಹುರುಪೆಯ ಎರಡೂ ಅಂಚು ಮಡಚಿದ ಹಾಗೆ ಚೂಪು, ಅದು ಹತ್ತೋಕೆ ಹಿಡಿತ ಕೊಡುತ್ತೆ. ಇಷ್ಟು ವ್ಯತ್ಯಾಸ ನೋಡಿ ಬೇರೆ ಕುಲ ಅಂದರು. ಆಗಿನ ಸಾಧನಗಳಲ್ಲಿ ಅದು ಸರಿಯಾದ ತೀರ್ಮಾನವೇ.

ಆಮೇಲೆ ಡಿಎನ್‌ಎ ಬಂತು. 2016ರಲ್ಲಿ ಫಿಗೆರೋವಾ ಮತ್ತು ಜೊತೆಗಾರರು ಪ್ರಪಂಚದ ಸಾವಿರದ ಆರುನೂರಕ್ಕೂ ಹೆಚ್ಚು ಹಾವಿನ ಪ್ರಭೇದಗಳ ವಂಶವೃಕ್ಷ ಮಾಡಿದರು. ಡ್ರಯೋಕ್ಯಾಲಮಸ್ ಹಾವುಗಳು ಲೈಕೊಡಾನ್ ಕವಲಿನ ಒಳಗೇ ಕೂತಿದ್ದವು. ಪಕ್ಕದಲ್ಲಿ ಅಲ್ಲ, ಒಳಗೆ. ಅಂದರೆ ಕೆಲವು ತೋಳದ ಹಾವುಗಳಿಗೆ ಬೇರೆ ತೋಳದ ಹಾವುಗಳಿಗಿಂತ ಇವೇ ಹತ್ತಿರದ ನೆಂಟರು. ಹಾಗಾಗಿ ಆ ಕುಲವನ್ನು ಲೈಕೊಡಾನ್‌ಗೆ ಸೇರಿಸಿದರು. ಪೂರ್ವ ಏಷ್ಯಾದ ಡೈನೊಡಾನ್ ಅನ್ನುವ ಕುಲಕ್ಕೂ 2013ರಲ್ಲಿ ಇದೇ ಆಗಿತ್ತು.

ಬೆಟ್ಟ ಸುತ್ತೋನು

ನನಗೆ ಇದು ಒಪ್ಪಿಗೆ ಆಗಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಗುರುತು ಹಿಡಿಯೋರಿಗೆ ಏನು ಉಪಯೋಗ? ಮೊದಲು ಡ್ರಯೋಕ್ಯಾಲಮಸ್ ಅಂದರೆ ಕಣ್ಣಮುಂದೆ ಒಂದು ಹಾವು ಬರ್ತಿತ್ತು. ತೆಳ್ಳಗಿನದು, ಮರ ಹತ್ತುವುದು, ಅಪರೂಪದ್ದು. ಈಗ ಲೈಕೊಡಾನ್ ಅಂದರೆ 70ಕ್ಕೂ ಹೆಚ್ಚು ಪ್ರಭೇದ. ಹಲ್ಲು, ಹುರುಪೆ ಕಣ್ಣಿಗೆ ಕಾಣುತ್ತೆ. ಡಿಎನ್‌ಎ ನಮ್ಮ ಕೈಗೆ ಸಿಗುತ್ತಾ?

ಮಧುಗಿರಿ ಮೇಷ್ಟ್ರು

ನ್ಯಾಯವಾದ ಪ್ರಶ್ನೆ. ಆದರೆ ಎರಡು ಕೆಲಸ ಬೇರೆ ಬೇರೆ ಅಂತ ನನ್ನ ಅನಿಸಿಕೆ. ಯಾರಿಗೆ ಯಾರು ನೆಂಟರು ಅಂತ ಹೇಳೋದು ವರ್ಗೀಕರಣ. ನಮ್ಮ ಮುಂದಿರೋದು ಯಾರು ಅಂತ ಹೇಳೋದು ಗುರುತಿಸುವಿಕೆ. ಕುಲದ ಹೆಸರು ಬದಲಾದರೆ ಆ ಹಾವಿನ ಮೈ ಮೇಲಿನ 13 ಸಾಲು 17 ಆಗಲ್ಲವಲ್ಲ. 1803ರಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ.

ಎಲ್ಲ ಸಲವೂ ಸೇರಿಸೋದೇ ಆಗುತ್ತೆ ಅಂತನೂ ಇಲ್ಲ. ಮಹಾರಾಷ್ಟ್ರದ ಕಡೆ ಸಿಗುವ ಒಂದು ನಯವಾದ ಹಾವನ್ನು ಬಹಳ ಕಾಲ ಯುರೋಪಿನ ಕೊರೊನೆಲ್ಲಾ ಕುಲದಲ್ಲಿ ಇಟ್ಟಿದ್ದರು. 1929ರಲ್ಲಿ ವರ್ನರ್ ಅದಕ್ಕೆ ವಾಲೋಫಿಸ್ ಅಂತ ಕುಲ ಮಾಡಿದ್ದ, ಯಾರೂ ಬಳಸಲಿಲ್ಲ. ಡಿಎನ್‌ಎ ನೋಡಿದ ಮೇಲೆ ಅದು ಕೊರೊನೆಲ್ಲಾ ಅಲ್ಲವೇ ಅಲ್ಲ ಅಂತ ಗೊತ್ತಾಗಿ, ಆ ಹಳೇ ಹೆಸರಿಗೆ ಮತ್ತೆ ಜೀವ ಬಂತು. ನಮ್ಮ ದೇಶಕ್ಕೇ ಸೇರಿದ ಕುಲ ಅದು.

ಹುರುಪೆ ಲೆಕ್ಕ

ಮೇಷ್ಟ್ರ ಮಾತಿಗೆ ನನ್ನದೂ ದನಿ. ಹಲ್ಲು ಆಹಾರಕ್ಕೆ ತಕ್ಕ ಹಾಗೆ ಬೇಗ ಬದಲಾಗುತ್ತೆ, ಅದಕ್ಕೆ ಹಲ್ಲೊಂದನ್ನೇ ಹಿಡಿದು ಕುಲ ಮಾಡೋದು ಅಪಾಯ.

ತೋಟದವರೇ, ಒಂದು ಮುಖ್ಯವಾದ ಮಾತು. 13 ಅಂದ ಕೂಡಲೇ ತೀರ್ಮಾನ ಬೇಡ. ಹವಳದ ಹಾವಿಗೂ ನಡುಮೈಯಲ್ಲಿ 13 ಸಾಲೇ. ಅದು ವಿಷದ ಹಾವು, ನಾಗರಹಾವಿನ ಕುಟುಂಬ, ತುಂಬ ಸಣ್ಣದು, ಒಂದಡಿ ಆಸುಪಾಸು. ಅದರ ತಲೆ ಕಪ್ಪು, ಮೈ ಕಂದು, ಹೊಟ್ಟೆ ಕೆಂಪು, ಬಾಲದಲ್ಲಿ ಎರಡು ಕಪ್ಪು ಉಂಗುರ. ಹೆದರಿಸಿದರೆ ಬಾಲ ಸುರುಳಿ ಸುತ್ತಿ ಅಡಿಭಾಗದ ನೀಲಿ ಬಣ್ಣ ತೋರಿಸುತ್ತೆ. ಮಣ್ಣು, ಕಲ್ಲಿನ ಅಡಿಯಲ್ಲಿ ಇರುವಂಥದ್ದು. ನಿಮ್ಮ ಫೋಟೋದ ಬಿಳಿ ಪಟ್ಟೆ ಅದಕ್ಕೆ ಹೊಂದಲ್ಲ. ಆದರೂ ಲೆಕ್ಕ ಪಕ್ಕಾ ಆಗಬೇಕು.

ಅದಕ್ಕೊಂದು ದಾರಿ ಇದೆ. ಹೆಂಚಿನ ಸಂದಿಯಲ್ಲಿ ವಾಸ ಇದ್ದರೆ ಅಲ್ಲೇ ಪೊರೆ ಬಿಟ್ಟಿರುತ್ತೆ. ಹಗಲು ಹೊತ್ತು ಉದ್ದ ಕಡ್ಡಿಯಲ್ಲಿ ಮೆಲ್ಲಗೆ ನೋಡಿ. ಹೆಂಚು ಎತ್ತಬೇಡಿ, ಸಂದಿಗೆ ಕೈ ಹಾಕಬೇಡಿ. ಪೊರೆ ಹಾವಿಗಿಂತ ಉದ್ದ ಎಳೆದಿರುತ್ತೆ, ಹಾಗಾಗಿ ಉದ್ದ ನಂಬಬೇಡಿ. ಹುರುಪೆ ಸಾಲು ಮಾತ್ರ ಎಳೆದರೂ ಅಷ್ಟೇ ಇರುತ್ತೆ. ನೀರು ಚಿಮುಕಿಸಿ ಮೆತ್ತಗೆ ಮಾಡಿ ಕಪ್ಪು ಹಾಳೆ ಮೇಲೆ ಹಾಸಿ. ಬಾಲದ ಅಡಿಯ ಹುರುಪೆ ನೋಡಿ. ಕಟ್ಟುಹಾವಿಗೆ ಅಲ್ಲಿ ಅಡ್ಡಕ್ಕೆ ಒಂದೇ ಪೂರ್ತಿ ಹುರುಪೆ. ಇದಕ್ಕೆ ನಡುವೆ ಸೀಳಿ ಎರಡೆರಡು.

ಊರ್ಡಿಗೆರೆ ತೋಟ

ಹುರುಪೆ ಲೆಕ್ಕದ ಅಕ್ಕಾ, ಪೊರೆ ಸಿಕ್ಕಿತು! ತೊಲೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು, ಕಡ್ಡಿಗೆ ಸುತ್ತಿ ತೆಗೆದೆ. ಒಳಗಿನ ಪಕ್ಕ ಹೊರಗೆ ಬಂದಿದೆ. ತಲೆ ಭಾಗ ಅರ್ಧ ಹರಿದಿದೆ, ಬಾಲ ಪೂರ್ತಿ ಇದೆ. ಮಗಳ ಡ್ರಾಯಿಂಗ್ ಪುಸ್ತಕದ ಕಪ್ಪು ಹಾಳೆ ಮೇಲೆ ಹಾಸಿದ್ದೇವೆ. ಹುರುಪೆಗಳು ಅಕ್ಕಿ ಕಾಳಿಗಿಂತ ಸಣ್ಣ. ಅವಳು ಸೂಜಿ ತುದಿಯಲ್ಲಿ ಮುಟ್ಟಿ ಎಣಿಸಿದಳು, ನಾನು ಇನ್ನೊಂದು ಜಾಗದಲ್ಲಿ ಎಣಿಸಿದೆ. ಇಬ್ಬರಿಗೂ 13. ನಡುಸಾಲು ದೊಡ್ಡದಿಲ್ಲ. ಬಾಲದ ಅಡಿ ಎರಡೆರಡು, ನಡುವೆ ಅಂಕುಡೊಂಕು ಗೆರೆ. ಹೊಟ್ಟೆ ಹುರುಪೆಯ ಎರಡೂ ಕೊನೆಯಲ್ಲಿ ಒಂದು ಮಡಿಕೆ ಗುರುತು, ಉದ್ದಕ್ಕೂ ಇದೆ. ಬೆಳಕಿಗೆ ಹಿಡಿದರೆ ಪಟ್ಟೆಗಳ ನೆರಳೂ ತೆಳುವಾಗಿ ಕಾಣುತ್ತೆ.

ಹುರುಪೆ ಲೆಕ್ಕ

ಎಷ್ಟು ಚೆನ್ನಾಗಿ ನೋಡಿದ್ದೀರಿ! ಮಗಳಿಗೆ ನನ್ನ ಅಭಿನಂದನೆ ಹೇಳಿ.

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸಣ್ಣ ಫಲಕ ಇರುತ್ತೆ. ಕಟ್ಟುಹಾವಿಗೂ ಹವಳದ ಹಾವಿಗೂ ಅದು ಇರಲ್ಲ. ಪೊರೆಯ ತಲೆ ಹರಿದಿದೆ, ಆದರೆ ನಿಮ್ಮ ಮೂರನೇ ಫೋಟೋದಲ್ಲಿ ಆ ಫಲಕ ಕಾಣುತ್ತಿದೆ. ಪಟ್ಟೆಯ ನೆರಳೂ ಪೊರೆಯಲ್ಲಿ ಇರುವುದರಿಂದ ಪೊರೆ, ಫೋಟೋ ಎರಡೂ ಒಂದೇ ಬಗೆಯ ಹಾವಿನವು ಅಂತ ಧೈರ್ಯವಾಗಿ ಹೇಳಬಹುದು. 13 ಸಾಲು, ಬಾಲದ ಅಡಿ ಜೋಡಿ ಹುರುಪೆ, ಹೊಟ್ಟೆ ಅಂಚಿನ ಮಡಿಕೆ, ಪಕ್ಕೆಯಲ್ಲಿ ಅಗಲವಾಗುವ ಬಿಳಿ ಪಟ್ಟೆ. ಲೈಕೊಡಾನ್ ನಿಂಫಾ. ಹಳೇ ಪುಸ್ತಕದವರಿಗೆ ಡ್ರಯೋಕ್ಯಾಲಮಸ್ ನಿಂಫಾ.

ಪೊರೆಯನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಿ, ಪ್ಲಾಸ್ಟಿಕ್ ಬೇಡ, ಬೂಷ್ಟು ಬರುತ್ತೆ. ಮೇಲೆ ದಿನಾಂಕ, ಜಾಗ ಬರೆಯಿರಿ.

ಬೆಟ್ಟ ಸುತ್ತೋನು

ಒಪ್ಪಿದೆ. 13 ಅಂದ ಮೇಲೆ ಡೆಕ್ಕನೆನ್ಸಿಸ್ ಆಗೋಕೆ ಸಾಧ್ಯ ಇಲ್ಲ. ಅಣ್ಣ, ದಯವಿಟ್ಟು ಇದನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಹಾಕಿ, ಜನ ತಾವು ಕಂಡ ಜೀವಿಗಳ ಫೋಟೋ ದಾಖಲಿಸುವ ಜಾಲತಾಣಗಳು ಅವು. ಇಂಥ ಹಾವಿನ ಒಂದೊಂದು ಫೋಟೋನೂ ಲೆಕ್ಕಕ್ಕೆ ಬರುತ್ತೆ. ಪೊರೆಯ ಫೋಟೋನೂ ಸೇರಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಹಾವು ರಕ್ಷಣೆ ತುಮಕೂರು

ಹಾಕುವಾಗ ಜಾಗವನ್ನು ಮಸುಕು ಮಾಡುವ ಆಯ್ಕೆ ಒತ್ತಿ. ಅಪರೂಪದ ಹಾವು ಅಂದರೆ ಹುಡುಕಿಕೊಂಡು ಬಂದು ಬಂಡೆ, ಹೆಂಚು ಕಿತ್ತು ನೋಡುವವರು ಇದ್ದಾರೆ. ತಾಲ್ಲೂಕಿನ ಹೆಸರು ಸಾಕು.

ಊರ್ಡಿಗೆರೆ ತೋಟ

ಖಂಡಿತ ಹಾಕುತ್ತೇನೆ. ಇನ್ನೊಂದು ಕೇಳಬೇಕು. ಮೋಟರ್ ಮನೆ ಹೆಂಚು ತೆಗೆದು ಶೀಟ್ ಹಾಕಿಸಬೇಕು ಅಂತ ಮೊದಲೇ ಇತ್ತು. ಪಕ್ಕದ ಅಣ್ಣನಿಗೆ ಎಲ್ಲ ಓದಿ ಹೇಳಿದೆ. ವಿಷ ಇಲ್ಲ ಅಂದರೆ ಇರಲಿ ಬಿಡು ಅಂದರು. ಆದರೆ ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅದೇ ಸಂದಿಗೆ ನಿಜವಾದ ಕಟ್ಟುಹಾವು ಬಂದರೆ ಅನ್ನೋ ಭಯ ಅವರಿಗೆ.

ಹಾವು ರಕ್ಷಣೆ ತುಮಕೂರು

ಆ ಭಯ ಸರಿಯಾದದ್ದೇ. ಶೀಟ್ ಹಾಕಿಸುವುದಾದರೆ ಹೆಂಚು ಇಳಿಸುವ ದಿನ ನಮ್ಮ ಕಡೆಯ ಯಾರಿಗಾದರೂ ಹೇಳಿ, ಬಂದು ನಿಲ್ಲುತ್ತಾರೆ. ಹಾವು ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ ಅಲ್ಲೇ ಹತ್ತಿರದ ಬಂಡೆ ಸಾಲಿಗೆ ಬಿಡೋಣ. ದೂರ ಒಯ್ದು ಬಿಟ್ಟರೆ ಬದುಕೋದು ಕಷ್ಟ. ಇಳಿಸಿದ ಹೆಂಚನ್ನು ಮನೆ ಗೋಡೆಗೆ ಒತ್ತಿ ಜೋಡಿಸಬೇಡಿ, ತೋಟದ ಬೇಲಿ ಕಡೆ ಹಾಕಿ, ಅದು ಸಾಕು ಅವಕ್ಕೆ.

ಕಟ್ಟುಹಾವಿಗೆ ಮಾಡಬೇಕಾದ್ದು ಮನೆ ಕಡೆಯ ಕೆಲಸ. ಬಾಗಿಲ ಅಡಿಯ ಸಂದಿ ಮುಚ್ಚಿಸಲಿ. ಸೌದೆ ರಾಶಿ, ತೆಂಗಿನ ಗರಿ, ಇಟ್ಟಿಗೆ ಮನೆಗೆ ತಾಗಿ ಇರೋದು ಬೇಡ. ಮಕ್ಕಳು ನೆಲದ ಮೇಲೆ ಮಲಗದೆ ಮಂಚದ ಮೇಲೆ ಮಲಗಲಿ, ಸೊಳ್ಳೆ ಪರದೆಯನ್ನು ಹಾಸಿಗೆ ಅಡಿಗೆ ಸಿಕ್ಕಿಸಲಿ.

ವಾರ್ಡ್ ಅಕ್ಕ

ಆ ಪರದೆ ಮಾತು ಎಲ್ಲರೂ ಗುರುತು ಹಾಕಿಕೊಳ್ಳಿ. ಜೂನ್ ಬಂತಂದ್ರೆ ನಮ್ಮ ವಾರ್ಡಿಗೆ ಬರುವ ಕಟ್ಟುಹಾವಿನ ಕೇಸುಗಳಲ್ಲಿ ಚಾಪೆ ಮೇಲೆ ಮಲಗಿದವರೇ ಜಾಸ್ತಿ.

ಊರ್ಡಿಗೆರೆ ತೋಟ

ಪರದೆ ನಾಳೆನೇ ತರಿಸುತ್ತೇನೆ, ಅವರ ಮನೆಗೂ ಸೇರಿ. ಹೆಂಚು ಇಳಿಸುವುದು ರಾಗಿ ಕೊಯ್ಲು ಮುಗಿದ ಮೇಲೆ. ದಿನ ಗೊತ್ತಾದ ಕೂಡಲೇ ಇಲ್ಲೇ ಬರೆಯುತ್ತೇನೆ. ಫೋಟೋಗಳು ಇವತ್ತು ಸಂಜೆ ಪೋರ್ಟಲ್‌ನಲ್ಲಿ ಇರುತ್ತವೆ.